ಮೊದಲು ಸರಪಳಿ ಬಿಚ್ಚಿ: ಬಿಸಿಲು, ಸಿಡಿಲು, ಹೊಳೆ ಬಂದಾಗ ಸಾಕುನಾಯಿ ಕಾಪಾಡುವ ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳದ ವರ್ಷವೇ ವಿಚಿತ್ರ. ಏಪ್ರಿಲ್‌ನಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರೇ ಆಗಸ್ಟ್‌ನಲ್ಲಿ ಹೊಳೆ ಬಂದು ಗಂಟುಮೂಟೆ ಕಟ್ಟಿಕೊಂಡು ಕಾಳಜಿ ಕೇಂದ್ರದ ದಾರಿ ಹಿಡಿಯುತ್ತದೆ. ನಡುವೆ ಮೇ ತಿಂಗಳ ಗಾಳಿ, ಸಿಡಿಲು. ಮೂರೂ ಬೇರೆ ಬೇರೆ ಆಪತ್ತು ನಿಜ. ಆದರೆ ನಾಯಿಯ ಮಟ್ಟಿಗೆ ಮೂರರಲ್ಲೂ ದೊಡ್ಡ ಶತ್ರು ಒಂದೇ, ಅದರ ಕೊರಳಿಗಿರುವ ಸರಪಳಿ. ತಗಡಿನ ಶೆಡ್ಡಿನ ಕಂಬಕ್ಕೆ ಕಟ್ಟಿದ ನಾಯಿ, ನೆರಳು ಸರಿದ ಹಾಗೆ ತಾನು ಸರಿಯಲಾರದು. ಬೇವಿನ ಮರಕ್ಕೆ ಕಟ್ಟಿದ್ದು ಸಿಡಿಲಿಗೆ ಓಡಲಾರದು. ಹಿತ್ತಲಲ್ಲಿ ಕಟ್ಟಿದ್ದು ನೀರು ಕೊರಳಿಗೆ ಬಂದರೂ ಈಜಲಾರದು. ಬಿಟ್ಟ ನಾಯಿ ಈಜುತ್ತದೆ, ಮೆಟ್ಟಿಲು ಹತ್ತುತ್ತದೆ, ತಿಪ್ಪೆಯ ಮೇಲಾದರೂ ನಿಲ್ಲುತ್ತದೆ.

ಇನ್ನೊಂದು ಮಾತು. ಹೊಳೆಗೆ ಹೋದ ಎಮ್ಮೆ, ಎತ್ತು, ಕುರಿ, ಕೋಳಿಗೆ ಸರ್ಕಾರದ ಪರಿಹಾರ ಪಟ್ಟಿಯಲ್ಲಿ ದರ ಇದೆ, ನಾಯಿಗೆ ಇಲ್ಲ. ಹಾಗಾಗಿ ಅದರ ಲೆಕ್ಕ ಇಡಬೇಕಾದವರು ಮನೆಯವರೇ.

ಯುಗಾದಿ ಹೊತ್ತಿಗೆ: ಲಸಿಕೆ, ಕೊರಳಪಟ್ಟಿ, ಚೀಲ

ತಯಾರಿ ಶುರುವಾಗಬೇಕಾದದ್ದು ಮಳೆಗಾಲದಲ್ಲಿ ಅಲ್ಲ, ಬೇಸಿಗೆಯಲ್ಲೇ. ಕಾರಣ ಲಸಿಕೆ. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ ಹಾಕಿಸುವವರು ಬೇಕಾದಷ್ಟು ಜನ ಇದ್ದಾರೆ; ಇಲಿಜ್ವರದ ಲಸಿಕೆ ಮಾತ್ರ ಬಹಳ ಕಡೆ ಬಿಟ್ಟುಹೋಗುತ್ತದೆ. ಪ್ರವಾಹದ ನೀರಲ್ಲಿ, ಭತ್ತದ ಗದ್ದೆಯ ಕೆಸರಲ್ಲಿ ಇಲಿಯ ಮೂತ್ರದಿಂದ ಹರಡುವ ರೋಗ ಇದು. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯವರಿಗೆ ಇಲಿ ಎಷ್ಟಿವೆ ಎಂದು ಹೇಳಬೇಕಿಲ್ಲ. ಈ ಲಸಿಕೆ ಮೊದಲ ಸಲ ಹಾಕಿಸುವಾಗ ಮೂರ್ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಆಮೇಲೆ ವರ್ಷಕ್ಕೊಂದು. ಏಪ್ರಿಲ್‌ನಲ್ಲಿ ಮೊದಲನೆಯದಾದರೆ ಜೂನ್ ಬರುವಷ್ಟರಲ್ಲಿ ಎರಡೂ ಮುಗಿದಿರುತ್ತವೆ. ಎಲ್ಲ ಮಿಶ್ರ ಲಸಿಕೆಗಳಲ್ಲಿ ಇಲಿಜ್ವರದ ಭಾಗ ಇರುವುದಿಲ್ಲ. ‘ಇದರಲ್ಲಿ ಅದು ಐತೇನ್ರಿ?’ ಎಂದು ಕೇಳಿಯೇ ಹಾಕಿಸಿ. ಲಸಿಕೆ ಪುಸ್ತಕದ ಫೋಟೋ ಮೊಬೈಲಿನಲ್ಲಿರಲಿ. ಮನೆಯವರೊಬ್ಬರು ನಾಯಿಯ ಜೊತೆ ನಿಂತ ಫೋಟೋವೂ ಇರಲಿ. ಕಳೆದುಹೋದ ನಾಯಿ ಬೇರೆಯವರ ಕೈಗೆ ಸಿಕ್ಕಾಗ ‘ಇದು ನಮ್ಮದೇ’ ಎನ್ನಲು ಅದೇ ಸಾಕ್ಷಿ.

ಕೊರಳಪಟ್ಟಿ ನೈಲಾನಿನದು, ಬಕಲ್ ಇರುವಂಥದ್ದು ಇರಲಿ. ಚರ್ಮದ ಪಟ್ಟಿ ನೆನೆದರೆ ಹಿಗ್ಗಿ, ತಲೆಯಿಂದ ಜಾರಿಬಿಡುತ್ತದೆ. ಪಟ್ಟಿಯ ಒಳಗೆ ಎರಡು ಬೆರಳು ಹೋಗಬೇಕು, ಮೂರು ಹೋಗಬಾರದು. ಮುಧೋಳ ಜಾತಿಯ ನಾಯಿಗೆ ತಲೆಗಿಂತ ಕೊರಳು ದಪ್ಪ. ಹಿಂದಕ್ಕೆ ಜಗ್ಗಿದರೆ ಸಾದಾ ಪಟ್ಟಿ ಕಳಚಿಕೊಳ್ಳುತ್ತದೆ, ಅದಕ್ಕೆ ಎದೆಪಟ್ಟಿಯೇ ಸರಿ. ಫೋನ್ ನಂಬರು ಬರೆಸಲು ಪೇಟೆಯ ವಿಶೇಷ ಅಂಗಡಿ ಬೇಕಿಲ್ಲ. ಪಾತ್ರೆ ಅಂಗಡಿಯಲ್ಲಿ ತಟ್ಟೆ, ಕೊಡದ ಮೇಲೆ ಹೆಸರು ಕೊರೆದುಕೊಡುತ್ತಾರಲ್ಲ, ಅದೇ ಯಂತ್ರದಲ್ಲಿ ರೂಪಾಯಿಯಗಲದ ಸ್ಟೀಲ್ ತುಂಡಿನ ಮೇಲೆ ಎರಡು ನಂಬರು ಕೊರೆಸಿ ಪಟ್ಟಿಗೆ ಸಿಕ್ಕಿಸಿ. ಎರಡನೆಯ ನಂಬರು ಬೇರೆ ಊರಿನ ನೆಂಟರದ್ದಾಗಿರಲಿ, ಏಕೆಂದರೆ ಊರು ಮುಳುಗಿದಾಗ ಊರಿನ ಫೋನುಗಳೂ ಸತ್ತಿರುತ್ತವೆ.

ಚೀಲಕ್ಕೆ ಬರೋಣ. 20 ಕೆ.ಜಿ. ತೂಗುವ ನಾಯಿಯ ಲೆಕ್ಕ ಇಲ್ಲಿದೆ. ನಿಮ್ಮದು ಹತ್ತು ಕೆ.ಜಿ. ಆದರೆ ಅರ್ಧ ಮಾಡಿ.

ನೀರು: ನಾಯಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 50–60 ಮಿ.ಲೀ. ಬೇಕು. ಅಂದರೆ ಸುಮಾರು 1.2 ಲೀಟರ್, ಸೆಕೆ ಇದ್ದರೆ ಅದರ ದುಪ್ಪಟ್ಟು. ಮೂರು ದಿನಕ್ಕೆ 7 ಲೀಟರ್ ಹಿಡಿಯಿರಿ. ಸುತ್ತ ನೀರೇ ನೀರು ಇರುವಾಗ ಕುಡಿಯುವ ನೀರು ಹೊತ್ತುಕೊಂಡು ಹೋಗುವುದು ತಮಾಷೆ ಅನ್ನಿಸಬಹುದು, ಆದರೆ ಆ ನೀರಲ್ಲಿ ಶೌಚದ ಗುಂಡಿಯೂ ಇದೆ, ಗದ್ದೆಗೆ ಹೊಡೆದ ಔಷಧವೂ ಇದೆ.

ಆಹಾರ: ಅಂಗಡಿಯ ಕಾಳಿನ ಆಹಾರ ತಿನ್ನುವ ನಾಯಿಗೆ ದಿನಕ್ಕೆ 250–300 ಗ್ರಾಂ, ವಾರಕ್ಕೆ 2 ಕೆ.ಜಿ. ರೊಟ್ಟಿ ತಿನ್ನುವ ನಾಯಿಗೆ ನಮ್ಮ ಖಡಕ್ ರೊಟ್ಟಿಯಷ್ಟು ಒಳ್ಳೆಯ ತುರ್ತು ಆಹಾರ ಮತ್ತೊಂದಿಲ್ಲ. ಹಗುರ, ಬೂಸ್ಟು ಹಿಡಿಯುವುದಿಲ್ಲ, ನೀರಲ್ಲಿ ಹತ್ತು ನಿಮಿಷ ನೆನೆಸಿದರೆ ಊಟ ಸಿದ್ಧ. ದಿನಕ್ಕೆ ಆರೇಳು ರೊಟ್ಟಿ ಬೇಕಾಗುತ್ತದೆ, ಸಿಕ್ಕರೆ ಬೇಯಿಸಿದ ಮೊಟ್ಟೆ ಜೊತೆಗೆ. ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿಡಿ, ತಿಂಗಳಿಗೊಮ್ಮೆ ಬದಲಿಸಿ. ಕಾಳಜಿ ಕೇಂದ್ರದ ಚಿತ್ರಾನ್ನ, ಉಪ್ಪಿಟ್ಟು ನಾಯಿಗೆ ಬೇಡ. ಅದರಲ್ಲಿನ ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣವನ್ನೇ ಒಡೆಯುತ್ತವೆ.

ಉಳಿದ ಸಾಮಾನು: ಆರಡಿಯ ಎರಡು ಬಟ್ಟೆಪಟ್ಟಿಯ ಹಗ್ಗ, ನಾಲ್ಕಡಿ ಉದ್ದದ ಹತ್ತಿ ಬಟ್ಟೆಯ ಪಟ್ಟಿ (ಬಾಯಿ ಕಟ್ಟಲು), ಹಳೆಯ ದುಪ್ಪಟಿ ಒಂದು, ಡಿಜಿಟಲ್ ಥರ್ಮಾಮೀಟರ್, ಪೋವಿಡೋನ್ ಅಯೋಡಿನ್, ಗಾಜ್ ಬಟ್ಟೆ, ಚಿಮುಟ, ರಬ್ಬರ್ ಕೈಗವಸು, ಟಾರ್ಚ್. ನೋವಿಗೆಂದು ಮನುಷ್ಯರ ಮಾತ್ರೆ ಇಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮೂರೂ ನಾಯಿಗೆ ವಿಷ. ಚೀಲ ಅಟ್ಟದ ಮೇಲಲ್ಲ, ಬಾಗಿಲ ಪಕ್ಕದ ಮೊಳೆಗೆ ತೂಗಿರಲಿ.

ಬಿಸಿಲು

43–44 ಡಿಗ್ರಿ ಎಂದು ಟಿವಿಯಲ್ಲಿ ಹೇಳುವುದು ನೆರಳಿನ ಲೆಕ್ಕ. ತಗಡಿನ ಶೆಡ್ಡಿನ ಕೆಳಗೆ ಅದಕ್ಕಿಂತ ಹೆಚ್ಚು. ನಾಯಿ ನಮ್ಮ ಹಾಗೆ ಮೈತುಂಬಾ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ಮೈ ತಣಿಸಿಕೊಳ್ಳಬೇಕು. ಗಾಳಿಯೇ ಕಾದಿದ್ದರೆ ಆ ಉಪಾಯವೂ ನಡೆಯುವುದಿಲ್ಲ. ಮೂತಿ ಚಪ್ಪಟೆ ಇರುವ ಪಗ್ ಜಾತಿಗೆ ಈ ಸೀಮೆಯ ಬೇಸಿಗೆ ಹೊಂದುವುದೇ ಇಲ್ಲ. ಸಾಕುವ ಮುಂಚೆಯೇ ಯೋಚಿಸಬೇಕಿತ್ತು, ಸಾಕಿಯಾಗಿದ್ದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಒಳಗಿಡಿ.

ಕಲ್ಲುಚಪ್ಪಡಿ ಹಾಸಿದ ಪಡಸಾಲೆ, ಮಣ್ಣಿನ ಮಾಳಿಗೆಯ ಒಳಮನೆ ಇದ್ದರೆ ಅದೇ ನಾಯಿಯ ಜಾಗ. ನೀರನ್ನು ಸ್ಟೀಲ್ ಬಟ್ಟಲಲ್ಲಿ ಇಡದೆ ಮಣ್ಣಿನ ಕುಂಡದಲ್ಲಿಡಿ, ಎರಡು ಕಡೆ ಇಡಿ. ಒಂದು ಮಗುಚಿದರೂ ಇನ್ನೊಂದು ಇರುತ್ತದೆ. ತಿರುಗಾಡಿಸುವ ಮುಂಚೆ ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಎಣಿಸುವವರೆಗೆ ಇಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು.

ಬಿಸಿಲು ಬಡಿದರೆ ಗುರುತು ಹೀಗೆ: ನಿಲ್ಲದ ಏದುಸಿರು, ದಾರದಂತೆ ಎಳೆಯುವ ಜೊಲ್ಲು, ಇಟ್ಟಿಗೆ ಬಣ್ಣಕ್ಕೆ ತಿರುಗಿದ ವಸಡು, ಆಮೇಲೆ ತೂರಾಟ, ವಾಂತಿ. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಗುದದ್ವಾರದಲ್ಲಿಟ್ಟ ಥರ್ಮಾಮೀಟರ್ 105 ದಾಟಿದ್ದರೆ ಆಸ್ಪತ್ರೆಗೆ ಹೊರಡುವ ಮೊದಲೇ ತಣಿಸಲು ಶುರುಮಾಡಬೇಕು.

1. ಪಟ್ಟಿ, ಸರಪಳಿ ಬಿಚ್ಚಿ ನೆರಳಿಗೆ ಎತ್ತಿ ಒಯ್ಯಿರಿ, ನಡೆಸಬೇಡಿ.
2. ಹೊಟ್ಟೆ, ತೊಡೆಸಂದು, ಕಂಕುಳು, ಪಾದಕ್ಕೆ ನೀರು ಸುರಿಯುತ್ತಾ ಇರಿ. ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನಲ್ಲಿ ತಿರುಗಿಸುವ ಮುನ್ನ ಎಚ್ಚರ: ಮಧ್ಯಾಹ್ನ ಎರಡಕ್ಕೆ ಆ ನೀರು ಸ್ನಾನದ ನೀರಿನಷ್ಟು ಬಿಸಿ. ನೆಲದ ತೊಟ್ಟಿಯದು ಅಥವಾ ಕೊಡದ ನೀರು ತನ್ನಿ.
3. ಫ್ಯಾನ್ ಹಾಕಿ, ಇಲ್ಲವೇ ಮೊರದಿಂದ ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಡುವುದು ದೊಡ್ಡ ತಪ್ಪು. ಐದು ನಿಮಿಷಕ್ಕೆ ಅದೇ ಕಂಬಳಿಯಾಗಿ ಶಾಖ ಹಿಡಿದಿಡುತ್ತದೆ.
4. ಎಚ್ಚರ ಇದ್ದರೆ ಸ್ವಲ್ಪ ಸ್ವಲ್ಪ ನೀರು ನೆಕ್ಕಲು ಕೊಡಿ. ಬಾಯಿಗೆ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.
5. 103.5ಕ್ಕೆ ಇಳಿದ ಕೂಡಲೇ ನೀರು ಸುರಿಯುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ಮೈ ತೀರಾ ತಣ್ಣಗಾಗುತ್ತದೆ.
6. ಎದ್ದು ಬಾಲ ಅಲ್ಲಾಡಿಸಿದರೂ ವೈದ್ಯರಿಗೆ ತೋರಿಸಿ. ಮೂತ್ರಪಿಂಡದ ಪೆಟ್ಟು ಮರುದಿನ, ಅದರ ಮರುದಿನ ಕಾಣಿಸಿಕೊಳ್ಳುತ್ತದೆ.

ಸಿಡಿಲು, ಗಾಳಿ

ಇದರ ಬಗ್ಗೆ ಹೇಳುವುದು ಕಡಿಮೆ, ಮಾಡುವುದು ಬೇಗ. ಗುಡುಗು ಕೇಳಿದ ಕೂಡಲೇ ಹೊಲದ ಮರದಿಂದ, ತಂತಿಬೇಲಿಯಿಂದ, ಬೋರ್‌ವೆಲ್ ಪೈಪಿನಿಂದ ನಾಯಿಯನ್ನು ಬಿಚ್ಚಿ ಒಳಗೆ ತನ್ನಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮೊಬೈಲಿನಲ್ಲಿದ್ದರೆ ಮುನ್ಸೂಚನೆ ಸಿಗುತ್ತದೆ. ಶಬ್ದಕ್ಕೆ ಹೆದರಿ ಓಡಿ ಕಳೆದುಹೋಗುವ ನಾಯಿಗಳೂ ಇವೆ, ಆದ್ದರಿಂದ ಕೊರಳ ಹಗ್ಗ ಬಿಚ್ಚುವುದು ಒಳಗೆ ತಂದು ಬಾಗಿಲು ಹಾಕಿದ ಮೇಲೆ. ಮಂಚದ ಕೆಳಗೆ ನುಗ್ಗಿದರೆ ಎಳೆಯಬೇಡಿ. ಗಾಳಿ ನಿಂತ ಮೇಲೆ ಮೊದಲು ನೀವು ಹೊರಗೆ ಹೋಗಿ ಕರೆಂಟ್ ತಂತಿ ಹರಿದು ಬಿದ್ದಿದೆಯೇ ನೋಡಿ, ಆಮೇಲೆ ನಾಯಿ.

ಹೊಳೆ: ಯಾವ ಸುದ್ದಿಗೆ ಏಳಬೇಕು

ಮನೆಯಂಗಳದಲ್ಲಿ ಮಳೆ ಇಲ್ಲದಿರಬಹುದು. ನಮ್ಮ ಪ್ರವಾಹ ಬರುವುದು ಮೇಲಿನಿಂದ. ನಾರಾಯಣಪುರದ ಬಸವಸಾಗರದಿಂದ ಬಿಟ್ಟ ನೀರು ಲಿಂಗಸುಗೂರು, ದೇವದುರ್ಗ, ರಾಯಚೂರು ತಾಲ್ಲೂಕಿನ ಕೃಷ್ಣೆಯ ದಂಡೆಗೆ ಬರುತ್ತದೆ. ತುಂಗಭದ್ರಾ ಜಲಾಶಯದ್ದು ಗಂಗಾವತಿ, ಕಂಪ್ಲಿ, ಸಿರುಗುಪ್ಪ, ಸಿಂಧನೂರು, ಮಾನ್ವಿ ಕಡೆಗೆ. ಒಳಹರಿವು, ಹೊರಹರಿವಿನ ಕ್ಯೂಸೆಕ್ ಲೆಕ್ಕ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಜುಲೈನಿಂದ ಅಕ್ಟೋಬರ್‌ವರೆಗೆ ಅದನ್ನು ನೋಡುವ ಅಭ್ಯಾಸ ಇರಲಿ. 2009ರ ದೊಡ್ಡ ಪ್ರವಾಹ ಬಂದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ, ‘ಮಳೆಗಾಲ ಮುಗೀತು’ ಎನ್ನುವ ಹೊತ್ತಿಗೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಎಚ್ಚರಿಕೆ ಬಂದದ್ದು ಜನ ಮಲಗಿದ ಮೇಲೆ.

ನಡುಗಡ್ಡೆ, ದಂಡೆಯ ಮನೆಯವರಿಗೆ ನಿಯಮ ಒಂದೇ: ಜನ ಹೊರಡುವುದು ಎರಡನೆಯ ಡಂಗುರಕ್ಕಾದರೂ ನಾಯಿ ಹೊರಡಬೇಕಾದದ್ದು ಮೊದಲನೆಯದಕ್ಕೆ. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿದ ಮೇಲೆ, ಕಂಪ್ಲಿ ಸೇತುವೆ ಮೇಲೆ ಓಡಾಟ ನಿಂತ ಮೇಲೆ ಉಳಿಯುವುದು ದೋಣಿ, ಕೊನೆಗೆ ಹೆಲಿಕಾಪ್ಟರ್. 2019ರ ಆಗಸ್ಟ್‌ನಲ್ಲಿ ಹಂಪಿ ಎದುರಿನ ವಿರೂಪಾಪುರ ಗಡ್ಡೆಯಿಂದ ಜನರನ್ನು ಹೆಲಿಕಾಪ್ಟರ್‌ನಲ್ಲಿ ಕರೆತರಬೇಕಾಯಿತು. ಅಂಥ ಹೊತ್ತಲ್ಲಿ ನಾಯಿಗೆ ಜಾಗ ಕೇಳುವುದು ಕಷ್ಟ.

ಎಲ್ಲಿಗೆ ಎನ್ನುವುದನ್ನು ಜೂನ್‌ನಲ್ಲೇ ಗೊತ್ತುಮಾಡಿ. ಕಾಳಜಿ ಕೇಂದ್ರ ಸಾಮಾನ್ಯವಾಗಿ ಶಾಲೆಯಲ್ಲಿ; ಒಂದೊಂದು ಕೋಣೆಯಲ್ಲಿ ಹತ್ತಾರು ಜನ, ಕೂಸುಗಳು. ಆವರಣದಲ್ಲಿ ನಾಯಿ ಕಟ್ಟಲು ಬಿಡುತ್ತಾರೆಯೇ ಎಂದು ಪಂಚಾಯಿತಿ ಪಿಡಿಒ ಅವರನ್ನು ಮೊದಲೇ ಕೇಳಿ. ಅದಕ್ಕಿಂತ ಗಟ್ಟಿ ವ್ಯವಸ್ಥೆ ಬೀಗರ ಮನೆ, ಗೆಳೆಯರ ತೋಟದ ಮನೆ. ಇಲ್ಲೊಂದು ಸಣ್ಣ ಲೆಕ್ಕ ತಪ್ಪುತ್ತದೆ: ಕಂಪ್ಲಿಯವರಿಗೆ ಹತ್ತಿರದ ನೆಂಟರು ಗಂಗಾವತಿಯಲ್ಲಿರಬಹುದು, ಆದರೆ ನಡುವೆ ಇರುವುದು ಅದೇ ಹೊಳೆ. ನೀವಿರುವ ದಂಡೆಯಲ್ಲೇ, ಎತ್ತರದಲ್ಲಿ, ಎರಡು ಮನೆ ನೋಡಿಡಿ. ಜಿಲ್ಲಾ ತುರ್ತು ನಿಯಂತ್ರಣ ಕೊಠಡಿಗೆ 1077, ಜೀವಾಪಾಯಕ್ಕೆ 112, ಪಶು ಸಂಚಾರಿ ಚಿಕಿತ್ಸಾಲಯಕ್ಕೆ 1962. ಮೂರೂ ಗೋಡೆಯ ಮೇಲೆ ಬರೆದಿರಲಿ.

ಹೊರಡುವಾಗ

ಹೆದರಿದ ನಾಯಿ ಸ್ವಂತ ಮಾಲೀಕನನ್ನೂ ಕಚ್ಚುತ್ತದೆ, ದೋಣಿ ನಡೆಸುವವನನ್ನು ಬಿಡುತ್ತದೆಯೇ? ಬಾಯಿ ಕಟ್ಟುವುದನ್ನು ಈಗಲೇ ಕಲಿಯಿರಿ. ಹತ್ತಿ ಪಟ್ಟಿಯ ನಡುವೆ ಸಡಿಲ ಸುತ್ತು ಮಾಡಿ, ಹಿಂದಿನಿಂದ ಬಂದು ಮೂತಿಯ ನಡುಭಾಗಕ್ಕೆ ಹಾಕಿ, ಗಂಟು ಮೂಗಿನ ಮೇಲೆ ಬರಲಿ. ಎರಡೂ ತುದಿ ಗದ್ದದ ಕೆಳಗೆ ತಂದು ಒಂದು ಸಲ ಹಾಯಿಸಿ, ಅಲ್ಲಿಂದ ಕಿವಿಗಳ ಹಿಂದಕ್ಕೆ ಒಯ್ದು, ಜಗ್ಗಿದರೆ ಬಿಚ್ಚುವ ಹೂಗಂಟು ಹಾಕಿ. ಮೂಗಿನ ಹೊಳ್ಳೆ ಮುಚ್ಚಬಾರದು. ಹೀಗೆ ಕಟ್ಟಿದ ನಾಯಿ ತೇಕಲಾರದು, ಆದ್ದರಿಂದ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಏದುಸಿರು, ವಾಂತಿ ಇದ್ದರೆ ಕಟ್ಟಲೇಬೇಡಿ. ನೀರಿಗಿಳಿಯುವ ಸಂಭವ ಇದ್ದರಂತೂ ಬೇಡವೇ ಬೇಡ.

ಹತ್ತು ಕೆ.ಜಿ. ಒಳಗಿನ ನಾಯಿಗೆ ಟೊಮ್ಯಾಟೊ ಸಾಗಿಸುವ ಪ್ಲಾಸ್ಟಿಕ್ ಕ್ರೇಟ್ ಎರಡು ಸಾಕು. ಒಂದರ ಮೇಲೊಂದು ಬೋರಲು ಹಾಕಿ ನಾಲ್ಕು ಮೂಲೆ ಹಗ್ಗದಿಂದ ಬಿಗಿದರೆ ಗಾಳಿಯಾಡುವ ಪಂಜರ ಸಿದ್ಧ. ದೊಡ್ಡ ನಾಯಿಯನ್ನು ದುಪ್ಪಟಿಯ ನಡುವೆ ನಿಲ್ಲಿಸಿ, ಇಬ್ಬರು ನಾಲ್ಕು ಚುಂಗು ಹಿಡಿದು ಎತ್ತಿದರೆ ಮಾಳಿಗೆಯ ಮೆಟ್ಟಿಲನ್ನೂ ಹತ್ತಿಸಬಹುದು.

ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಒಯ್ಯುವಾಗ ಅಪಾಯ ಹಗ್ಗದ ಉದ್ದದಲ್ಲಿದೆ. ಅಂಚು ದಾಟುವಷ್ಟು ಉದ್ದ ಬಿಟ್ಟರೆ ನಾಯಿ ಹಾರಿ ಹೊರಗೆ ನೇತಾಡುತ್ತದೆ, ಎಂಜಿನ್ ಸದ್ದಿನಲ್ಲಿ ಚಾಲಕನಿಗೆ ಕೂಗೂ ಕೇಳುವುದಿಲ್ಲ. ನಟ್ಟನಡುವೆ ಒಬ್ಬರು ಕೈಯಲ್ಲಿ ಹಿಡಿದು ಕೂರಬೇಕು. ತೆಪ್ಪ ಇನ್ನೂ ನಾಜೂಕು. ಅದು ಸುತ್ತು ತಿರುಗಿದಂತೆ ನಾಯಿ ಅಂಚಿಗೆ ಸರಿಯುತ್ತದೆ, ಅಂಚಿಗೆ 20 ಕೆ.ಜಿ. ಬಿದ್ದರೆ ತೆಪ್ಪ ವಾಲುತ್ತದೆ. ಗೋಣಿತಟ್ಟು ಹಾಸಿ, ನಾಯಿಯನ್ನು ನಡುವೆ ಕೂರಿಸಿ ಮೊಣಕಾಲುಗಳ ನಡುವೆ ಹಿಡಿಯಿರಿ. ತಟ್ಟು ಇಲ್ಲದಿದ್ದರೆ ಉಗುರು ಜಾರುತ್ತದೆ, ಜಾರಿದ ನಾಯಿ ಗಾಬರಿ ಬೀಳುತ್ತದೆ. ತೆಪ್ಪ ಹತ್ತುವ ಮುಂಚೆ ಹಗ್ಗ ಬಿಚ್ಚಿ, ಕೊರಳಪಟ್ಟಿ ಮಾತ್ರ ಇರಲಿ. ನೀರಿಗೆ ಬಿದ್ದರೆ ತೇಲುವ ಜಾಲಿಕಂಟಿಗೆ ಹಗ್ಗ ಸಿಕ್ಕಿಕೊಳ್ಳುತ್ತದೆ. ನೀರಲ್ಲಿರುವ ನಾಯಿಯನ್ನು ಎದುರಿನಿಂದ ಹಿಡಿಯಬೇಡಿ, ನಿಮ್ಮ ಹೆಗಲೇರಿ ನಿಮ್ಮನ್ನೇ ಮುಳುಗಿಸುತ್ತದೆ. ಮರದ ಕೊರಡು, ಗಾಳಿ ತುಂಬಿದ ಟ್ಯೂಬ್ ಅದರತ್ತ ದೂಡಿ.

ಕರೆದೊಯ್ಯಲು ಸಾಧ್ಯವೇ ಆಗದಿದ್ದರೆ: ಕಟ್ಟಬೇಡಿ, ಕೋಣೆಯಲ್ಲಿ ಕೂಡಿ ಹಾಕಬೇಡಿ. ಮಾಳಿಗೆಗೆ ಹೋಗುವ ದಾರಿ ತೆರೆದಿಡಿ, ಮೇಲೆ ನೆರಳಿಗೆ ಹೊರಸು ಅಡ್ಡ ನಿಲ್ಲಿಸಿ, ಮಗುಚದ ಅಗಲ ಬೋಗುಣಿಯಲ್ಲಿ ನೀರು, ನಾಲ್ಕೈದು ಕಡೆ ರೊಟ್ಟಿ ಇಡಿ. ಬಾಗಿಲ ಮೇಲೆ ಇದ್ದಿಲಿನಿಂದ ‘ನಾಯಿ ಇದೆ’ ಎಂದು ನಂಬರಿನ ಜೊತೆ ಬರೆದು ಹೋಗಿ.

ನೀರು ಇಳಿದ ಮೇಲೆ

ಮೊದಲ ಎರಡು ದಿನ ನಾಯಿ ಹಗ್ಗದಲ್ಲೇ ಇರಲಿ, ಹಗ್ಗದ ತುದಿ ಮಾತ್ರ ನಿಮ್ಮ ಕೈಯಲ್ಲಿರಲಿ. ಇಲಿ ಪಾಷಾಣ, ಸತ್ತ ಕೋಳಿ, ಕಟ್ಟಿಗೆ ಅಟ್ಟಿಯ ಸಂದಿಯಲ್ಲಿ ಸೇರಿದ ಹಾವು ಎಲ್ಲಕ್ಕೂ ಅದು ಮೂಗು ತೂರಿಸುತ್ತದೆ. ಮುಖ ತಟ್ಟನೆ ಊದಿದರೆ ಹಾವಿನ ಕಡಿತ ಎಂದೇ ತಿಳಿದು ಕೊರಳಪಟ್ಟಿ ಬಿಚ್ಚಿ (ಊತ ಕೊರಳಿಗೂ ಹರಡಿ ಉಸಿರು ಕಟ್ಟುತ್ತದೆ), ಕೊಯ್ಯದೆ, ಬಿಗಿಯದೆ, ಎತ್ತಿಕೊಂಡೇ ಪಶು ಆಸ್ಪತ್ರೆಗೆ ಒಯ್ಯಿರಿ. ಮನುಷ್ಯರಿಗೆ ಕೊಡುವ ಹಾವಿನ ವಿಷದ ಪ್ರತಿವಿಷವೇ ನಾಯಿಗೂ ನಡೆಯುತ್ತದೆ, ಆದ್ದರಿಂದ ಹೊರಡುವ ಮುನ್ನ ಫೋನ್ ಮಾಡಿ ದಾಸ್ತಾನು ಕೇಳಿ.

ಎರೆಮಣ್ಣಿನ ಊರಲ್ಲಿ ಪಾದ ನೋಡುವುದನ್ನು ಮರೆಯಬೇಡಿ. ಬೆರಳ ಸಂದಿಯಲ್ಲಿ ಕೂತ ಎರೆ ಒಣಗಿದರೆ ಗೋಲಿಯಷ್ಟು ಗಟ್ಟಿ ಉಂಡೆಯಾಗಿ, ನಡೆದಾಗೆಲ್ಲ ಚರ್ಮ ಸೀಳುತ್ತದೆ. ಹರಿದು ತೆಗೆಯಬೇಡಿ. ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿದರೆ ತಾನೇ ಕರಗುತ್ತದೆ. ಆಮೇಲೆ ಸೋಪು, ಒಣ ಬಟ್ಟೆ, ಗಾಯಕ್ಕೆ ತೆಳು ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿದ ಅಯೋಡಿನ್. ಗಾಯದಲ್ಲಿ ಹುಳ ಬಿದ್ದರೆ ಫಿನಾಯಿಲ್, ಪೆಟ್ರೋಲ್ ಸುರಿಯುವ ಚಾಳಿ ಇನ್ನೂ ಹೋಗಿಲ್ಲ. ನಾಯಿ ಅದನ್ನು ನೆಕ್ಕುತ್ತದೆ, ಹುಳ ಸಾಯುವ ಮುಂಚೆ ನಾಯಿಯ ಯಕೃತ್ತು ಕೆಡುತ್ತದೆ. ಚಿಮುಟದಿಂದ ಎತ್ತಿ, ಉಳಿದದ್ದು ವೈದ್ಯರಿಗೆ ಬಿಡಿ. ದನಕ್ಕೆ ಹೊಡೆಯುವ ಉಣ್ಣಿ ಔಷಧವನ್ನು ಅದೇ ಪ್ರಮಾಣದಲ್ಲಿ ನಾಯಿಗೆ ಹಚ್ಚುವುದೂ ಇದೇ ಜಾತಿಯ ತಪ್ಪು.

ಹೊಳೆಯಲ್ಲಿ ಈಜುವಾಗ ನೀರು ಕುಡಿದ ನಾಯಿ ಮೊದಲ ಮೂರು ದಿನದಲ್ಲಿ ಕೆಮ್ಮಿದರೆ, ಉಸಿರಾಟ ಜೋರಾದರೆ ತಡಮಾಡಬೇಡಿ; ಶ್ವಾಸಕೋಶದಲ್ಲಿ ನೀರಿರಬಹುದು. ಆಮೇಲಿನ ಎರಡು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಬೆಳಿಗ್ಗೆ ಒಂದು ಸಲ ಕೆಳತುಟಿ ಮಡಿಚಿ ವಸಡಿನ ಬಣ್ಣ, ಕಣ್ಣಿನ ಬಿಳಿ, ಮೂತ್ರದ ಬಣ್ಣ ನೋಡಿ. ಹಳದಿ ಕಂಡರೆ, ಮೂತ್ರ ಕಪ್ಪು ಚಹಾದಂತಿದ್ದರೆ, ಜ್ವರ, ವಾಂತಿ ಇದ್ದರೆ ಅದು ಇಲಿಜ್ವರ ಇರಬಹುದು. ಆ ಮೂತ್ರ ಮನೆಯವರಿಗೂ ಅಂಟುತ್ತದೆ. ಕೈಗವಸು ಹಾಕಿ ಬ್ಲೀಚಿಂಗ್ ನೀರಲ್ಲಿ ನೆಲ ತೊಳೆಯಿರಿ, ಕೂಸುಗಳನ್ನು ದೂರವಿಡಿ, ಅದೇ ದಿನ ವೈದ್ಯರಿಗೆ ‘ಹೊಳೆ ನೀರಲ್ಲಿ ಇತ್ತು’ ಎಂದು ಹೇಳಿ ತೋರಿಸಿ.